ಅಟ್ಟದ ಮೇಲಿನ ಗ್ರೆವಾಲ್

ಕಳೆದ ವಾರ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. ಈ ವರ್ಷವಷ್ಟೇ ಇಂಜಿನಿಯರಿಂಗ್ ಸೇರಿದ್ದಾಳೆ. "ಅಣ್ಣಾ, ಗ್ರೆವಾಲ್ ಮ್ಯಾಥ್ಸ್ ಪುಸ್ತಕ ನಿನ್ನ ಹತ್ರ ಇದ್ಯಾ?" ಅಂದಳು. ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. "ಅಯ್ಯೋ, ಸುಣ್ಣ ಬಣ್ಣ ಮಾಡಿಸುವಾಗ ಅಟ್ಟದ ಮೇಲಿದ್ದುದನ್ನೆಲ್ಲ ರದ್ದಿಯವನಿಗೆ ಹಾಕಿಬಿಟ್ಟೆನಲ್ಲೋ!" ಅಂದರು. ನಾಲ್ಕು ವರ್ಷದ ಪುಸ್ತಕಗಳು ಕೆಜಿ ಲೆಕ್ಕದಲ್ಲಿ ಹೋಗಿದ್ದವು. ತಪ್ಪು ಅಮ್ಮನದಲ್ಲ, ಕೆಲಸ ಸಿಕ್ಕ ಮೇಲೆ ಅವುಗಳ ಕಡೆ ತಿರುಗಿಯೂ ನೋಡದ ನನ್ನದು...

ಆಗ ನೆನಪಾದವನು ಹಾಸ್ಟೆಲ್ಲಿನ ನನ್ನ ರೂಮ್‌ಮೇಟ್. ನಾನು ಮಲಗಿದ ಮೇಲೆ ನನ್ನ ಪುಸ್ತಕ ತೆಗೆದುಕೊಂಡು ಓದುತ್ತಿದ್ದ. ಅವನಿಗೆ ರಾತ್ರಿ ಓದಿದರೇ ತಲೆಗೆ ಹತ್ತುತ್ತೆ ಅಂದುಕೊಂಡಿದ್ದೆ. ಅವನ ಹತ್ತಿರ ಒಂದೂ ಸ್ವಂತ ಪುಸ್ತಕ ಇಲ್ಲ ಅಂತ ನನಗೆ ಗೊತ್ತಾಗಿದ್ದು ಮೂರನೇ ಸೆಮಿಸ್ಟರಿನಲ್ಲಿ! ಫೀಸಿಗೇ ಸಾಲ ಮಾಡಿದ ಅಪ್ಪನ ಹತ್ತಿರ ಪುಸ್ತಕಕ್ಕೆ ಹೇಗೆ ಕೇಳಲಿ ಅಂದ.

ಲೆಕ್ಕ ಹಾಕಿ ನೋಡಿ. ಸೆಮಿಸ್ಟರಿಗೆ ಐದು ಪುಸ್ತಕ, ಒಂದಕ್ಕೆ 600 ರೂಪಾಯಿ ಅಂತಿಟ್ಟುಕೊಂಡರೂ 3000 ಆಯ್ತು. ಎಂಟು ಸೆಮಿಸ್ಟರಿಗೆ 24,000. ಅದೇ ಪುಸ್ತಕ ಐದು ಬ್ಯಾಚಿನವರ ಕೈ ದಾಟಿದರೆ ಒಬ್ಬರಿಗೆ ಬೀಳೋದು 120 ರೂಪಾಯಿ ಮಾತ್ರ. ಆರು ತಿಂಗಳು ಬೇಕಾಗುವ ವಸ್ತುವನ್ನು ಎಲ್ಲರೂ ಕೊಂಡು, ಆಮೇಲೆ ರದ್ದಿಗೆ ಹಾಕೋದು ಯಾವ ಜಾಣತನ?

"ಪಿಡಿಎಫ್ ಇದೆಯಲ್ಲ ಗುರೂ" ಅನ್ನಬಹುದು. ಅಂಗೈಯಗಲದ ಮೊಬೈಲಿನಲ್ಲಿ ಸರ್ಕ್ಯೂಟ್ ಚಿತ್ರ ಹಿಗ್ಗಿಸಿ ಕುಗ್ಗಿಸಿ ನೋಡುತ್ತಾ ಲೆಕ್ಕ ಬಿಡಿಸಿದವರಿಗೇ ಆ ಕಷ್ಟ ಗೊತ್ತು. ಎನ್‌ಪಿಟೆಲ್ ಪಾಠಗಳು ಉಚಿತ, ಚೆನ್ನಾಗಿಯೂ ಇವೆ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಬೇಕಾಗೋದು ಪುಸ್ತಕವೇ. ಇನ್ನು ಜೆರಾಕ್ಸ್. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ 2012ರಲ್ಲಿ ದೊಡ್ಡ ಪ್ರಕಾಶಕರು ಕೇಸು ಹಾಕಿದ್ದರು. 2016ರಲ್ಲಿ ದೆಹಲಿ ಹೈಕೋರ್ಟು ಪಾಠಕ್ಕೆ ಬೇಕಾದ ಭಾಗಗಳನ್ನು ಪ್ರತಿ ಮಾಡಿಸೋದು ತಪ್ಪಲ್ಲ ಎಂಬ ನಿಲುವು ತಳೆಯಿತು. 2017ರಲ್ಲಿ ಪ್ರಕಾಶಕರು ಕೇಸು ವಾಪಸ್ ಪಡೆದರು. ಇದು ದೊಡ್ಡ ಗೆಲುವೇ. ಆದರೆ ಇಡೀ ಪುಸ್ತಕಕ್ಕೆ ಇದು ಪರಿಹಾರವಲ್ಲ.

ಪರಿಹಾರ ಹಳೆಯದೇ: ಬುಕ್ ಬ್ಯಾಂಕ್. ಸೆಮಿಸ್ಟರ್ ಶುರುವಿನಲ್ಲಿ ಪುಸ್ತಕ ಒಯ್ಯೋದು, ಪರೀಕ್ಷೆ ಮುಗಿದ ಮೇಲೆ ವಾಪಸ್ ಕೊಡೋದು. ಎಷ್ಟೋ ಕಾಲೇಜುಗಳಲ್ಲಿ ಹೆಸರಿಗೆ ಇದೆ, ಆದರೆ ಪುಸ್ತಕಗಳು ಸಾಲದು. ಅವು ಇರೋದು ನಮ್ಮ ನಿಮ್ಮ ಅಟ್ಟದ ಮೇಲೆ!

"ಸ್ಕೀಮ್ ಬದಲಾಗಿದೆ, ಹಳೇ ಪುಸ್ತಕ ಯಾರಿಗೆ ಬೇಕು?" ಅಂತ ಕೇಳ್ತೀರಾ? ನಿಜ, ವಿಟಿಯುನಲ್ಲಿ 2018, 2021, 2022 ಅಂತ ಸ್ಕೀಮ್‌ಗಳು ಬಂದವು. ಆದರೆ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಬದಲಾಗಿಲ್ಲ ಸ್ವಾಮೀ. ಅದು ಬೇರೆ ಸೆಮಿಸ್ಟರಿಗೆ ಹೋಗಿರಬಹುದು ಅಷ್ಟೇ.

ಶನಿವಾರ ಅವೆನ್ಯೂ ರೋಡಿಗೆ ಹೋಗಿ ಎರಡು ಹಳೇ ಗ್ರೆವಾಲ್ ಹುಡುಕಿ ತಂದೆ. ಒಂದು ತಂಗಿಗೆ, ಇನ್ನೊಂದು ನಾನು ಓದಿದ ಕಾಲೇಜಿನ ಲೈಬ್ರರಿಗೆ. ತಂಗಿಗೆ ಕೊಟ್ಟದ್ದರ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ "ಇದು ಪಕ್ಕಾ ಬರುತ್ತೆ" ಅಂತ ಬರೆದಿದ್ದಾರೆ. ಯಾರೋ ಪುಣ್ಯಾತ್ಮ, ಕಾಣದ ಜೂನಿಯರ್‌ಗೂ ಪಾಠ ಹೇಳಿಕೊಟ್ಟಿದ್ದಾನೆ.

ನೀವೂ ಈ ಸಲ ಊರಿಗೆ ಹೋದಾಗ ಒಮ್ಮೆ ಅಟ್ಟ ಹತ್ತಿ ನೋಡಿ. ರದ್ದಿಯವನು ಬರೋ ಮುಂಚೆ! ಏನಂತೀರಿ?