ಸೇತುವೆಯ ಬಲ ನೆಲದಡಿ: ಪೈಲ್ ದಾಖಲೆ ಜನರಿಗೂ ಸಿಗಲಿ

ನೇಸರಿ: ಮಳೆಗಾಲ ಬಂತೆಂದರೆ ಕೊಲ್ಹಾಪುರ ಜಿಲ್ಲೆಯಲ್ಲಿ ಎತ್ತರದ ಸೇತುವೆಗಳ ಮಾತು ಏಳುತ್ತದೆ. 2019ರ ಆಗಸ್ಟ್ ಮತ್ತು 2021ರ ಜುಲೈ ಮಹಾಪೂರದಲ್ಲಿ ಪಂಚಗಂಗೆಯ ನೀರು ಶಿರೋಲಿ ಬಳಿ ಪುಣೆ-ಬೆಂಗಳೂರು ಹೆದ್ದಾರಿಗೆ ನುಗ್ಗಿ ಸಂಚಾರ ಸ್ಥಗಿತಗೊಂಡಿತ್ತು. ಮಣ್ಣಿನ ಏರಿಯ ಬದಲು ಕಂಬಗಳ ಮೇಲೆ ರಸ್ತೆ ಸಾಗಿಸಿದರೆ ನೀರಿಗೆ ದಾರಿ ಸಿಗುತ್ತದೆ ಎಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಆ ಕಂಬಗಳು ಯಾವುದರ ಮೇಲೆ ನಿಲ್ಲಬೇಕು ಎಂಬ ಚರ್ಚೆ ಮಾತ್ರ ಕಡಿಮೆ.

ಈ ಭಾಗದ ನೆಲದಡಿ ಇರುವುದು ಬಸಾಲ್ಟ್ ಬಂಡೆ. ಅದು ಮೇಲೆಯೇ ಸಿಗುವ ಕಡೆ ಗುಂಡಿ ತೋಡಿ ಅಡಿಪಾಯ ಹಾಕಿದರೆ ಸಾಕು, ಎಂಜಿನಿಯರ್ ಕಣ್ಣಾರೆ ಬಂಡೆ ನೋಡಬಹುದು. ಎರೆಮಣ್ಣು ಆಳವಾಗಿರುವ ನದಿ ಬಯಲಿನಲ್ಲಿ ಕೊರೆದ ಪೈಲ್ ಬೇಕಾಗುತ್ತದೆ. ಯಂತ್ರದಿಂದ ಸುಮಾರು ಒಂದು ಮೀಟರ್ ಅಥವಾ ಹೆಚ್ಚು ಅಗಲದ ರಂಧ್ರ ಕೊರೆಯುತ್ತಾರೆ. ಗೋಡೆ ಕುಸಿಯದಂತೆ ಉಕ್ಕಿನ ಕವಚ ಇಳಿಸುತ್ತಾರೆ ಅಥವಾ ಬೆಂಟೊನೈಟ್ ದ್ರಾವಣ ತುಂಬುತ್ತಾರೆ. ನಂತರ ಕಬ್ಬಿಣದ ಪಂಜರ ಇಳಿಸಿ, ಟ್ರೆಮಿ ಕೊಳವೆಯಿಂದ ತಳದಿಂದ ಮೇಲಕ್ಕೆ ಕಾಂಕ್ರೀಟ್ ತುಂಬುತ್ತಾರೆ.

ತಪ್ಪು ನುಸುಳುವುದು ಇಲ್ಲಿಯೇ. ತಳದ ಕೆಸರು ತೆಗೆಯದಿದ್ದರೆ ಪೈಲ್ ಬಂಡೆಯ ಮೇಲಲ್ಲ, ಕೆಸರಿನ ಮೇಲೆ ನಿಂತಂತೆ. ಟ್ರೆಮಿ ತುದಿ ಕಾಂಕ್ರೀಟಿನಿಂದ ಹೊರಬಂದರೆ ನಡುವೆ ಮಣ್ಣು ಸೇರಿ ಪೈಲ್ ದುರ್ಬಲವಾಗುತ್ತದೆ. ಶಿಥಿಲ ಬಂಡೆಯನ್ನೇ ಗಟ್ಟಿ ಬಂಡೆ ಎಂದುಕೊಂಡು ಕೊರೆಯುವುದನ್ನು ನಿಲ್ಲಿಸಿದರೂ ಅಪಾಯ. ಮೇಲೆ ಡಾಂಬರು ಬಿದ್ದ ಮೇಲೆ ಇದ್ಯಾವುದೂ ಕಣ್ಣಿಗೆ ಕಾಣದು. ಮಹಾಪೂರದಲ್ಲಿ ಕಂಬದ ಬುಡದ ಮಣ್ಣನ್ನು ನೀರು ಕೊರೆಯುತ್ತದೆ, ಆ ಕೊರೆತದ ಆಳಕ್ಕಿಂತಲೂ ಕೆಳಗೆ ಪೈಲ್ ಹೋಗಿರಲೇಬೇಕು.

2016ರ ಆಗಸ್ಟ್ 2ರ ರಾತ್ರಿ ಮಹಾಡ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಕೊಚ್ಚಿಹೋಗಿ, ಬಸ್ಸುಗಳ ಪ್ರಯಾಣಿಕರು ನೀರುಪಾಲಾದರು. 2024ರ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕ ಬದುಕುಳಿದದ್ದು ಪುಣ್ಯ. ಎರಡೂ ಸೇತುವೆಗಳ ರಚನೆ, ವಯಸ್ಸು ಬೇರೆ ಬೇರೆ. ಆದರೆ ಕುಸಿಯುವ ತನಕ ಎರಡರ ಮೇಲೂ ವಾಹನ ಓಡಾಡುತ್ತಿದ್ದವು ಎಂಬುದು ಮಾತ್ರ ಒಂದೇ.

ಪ್ರತಿ ಪೈಲಿಗೂ ಎಷ್ಟು ಆಳ ಕೊರೆಯಿತು, ಎಲ್ಲಿ ಬಂಡೆ ಸಿಕ್ಕಿತು, ಎಷ್ಟು ಕಾಂಕ್ರೀಟ್ ಹಿಡಿಯಿತು ಎಂಬ ದಾಖಲೆ ಬರೆಯಬೇಕು. ಭಾರ ಪರೀಕ್ಷೆ ನಡೆಸಬೇಕು. ನಿಯಮ ಇರುವುದೇ ಹೀಗೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಜನ ಈ ದಾಖಲೆ ಕೇಳಬಹುದು. ಕೇಳುವ ಮೊದಲೇ ಇಲಾಖೆ ಅದನ್ನು ಪ್ರಕಟಿಸಿದರೆ ಇನ್ನೂ ಒಳ್ಳೆಯದು. ಉದ್ಘಾಟನೆಯ ಕಲ್ಲಿನಲ್ಲಿ ಮಂತ್ರಿಗಳ ಹೆಸರಿನ ಜೊತೆ ಪೈಲಿನ ಆಳವನ್ನೂ ಕೆತ್ತಿಸಿದರೆ ತಪ್ಪೇನು?