ಚೀಟಿ ಮುಂಬಯಿಯಲ್ಲಿ, ಸಂಸಾರ ಊರಿನಲ್ಲಿ



ಪಗಾರದ ಚೀಟಿಯನ್ನು ನಮ್ಮಲ್ಲಿ ಎಷ್ಟು ಮಂದಿ ಪೂರ್ತಿ ಓದುತ್ತೇವೆ? ಕೈಗೆ ಬಂದದ್ದನ್ನು ಎಣಿಸುತ್ತೇವೆ, ಮುಂಗಡಕ್ಕೆ ಹಿಡಿದದ್ದೆಷ್ಟೆಂದು ನೋಡುತ್ತೇವೆ, ಮಡಚಿ ಕಿಸೆಗೆ ಹಾಕುತ್ತೇವೆ. ಆ ಚೀಟಿಯ ಒಂದು ಮೂಲೆಯಲ್ಲಿ ಇ.ಎಸ್.ಐ. ಎಂಬ ಮೂರಕ್ಷರದ ಎದುರು ಒಂದು ಸಣ್ಣ ಅಂಕಿ ಕೂತಿರುತ್ತದೆ. ಪಗಾರ 16,000 ರೂಪಾಯಿ ಇದ್ದವನಿಗೆ ಅದು 120 ರೂಪಾಯಿ. ನೂರಿಪ್ಪತ್ತು ತಾನೇ, ಹೋಗಲಿ ಎನ್ನುತ್ತೇವೆ. ಆದರೆ ನಮ್ಮ ಹೆಸರಿನಲ್ಲಿ ಮಾಲೀಕರು ತಮ್ಮ ಕಡೆಯಿಂದ ಕಟ್ಟತಕ್ಕದ್ದು ಇನ್ನೂ 520 ರೂಪಾಯಿ ಇದೆ. ಎರಡೂ ಕೂಡಿದರೆ ತಿಂಗಳಿಗೆ 640, ವರ್ಷಕ್ಕೆ 7,680. ಇದು ಯಾರ ದಾನವೂ ಅಲ್ಲ, ಧರ್ಮವೂ ಅಲ್ಲ. ಕಾವಲಿಯ ಎದುರು, ಮೋರಿಯ ಕೆಸರಿನಲ್ಲಿ, ಸಾಂಚೆಯ ಸದ್ದಿನಲ್ಲಿ ನಿಂತು ನಾವು ಮುಂಚಿತವಾಗಿಯೇ ತೆತ್ತ ಔಷಧದ ಬೆಲೆ.

ಬೆಲೆ ತೆತ್ತಾಯಿತು. ಔಷಧ ಎಲ್ಲಿ?

ನಮ್ಮ ಸಂಘದ ಸದಸ್ಯರೊಬ್ಬರ ಮಾತು ಹೇಳುತ್ತೇವೆ. ಹೆಸರು ಬೇಡ, ಹೋಟೆಲಿನ ಹೆಸರೂ ಬೇಡ. ಬೈಂದೂರಿನ ಕಡೆಯವರು, ಹನ್ನೊಂದು ವರ್ಷದಿಂದ ಇಲ್ಲಿ ದೋಸೆ ಹಾಕುತ್ತಿದ್ದಾರೆ. ಹೆಂಡತಿ, ಎರಡು ಮಕ್ಕಳು, ವಯಸ್ಸಾದ ತಾಯಿ, ಎಲ್ಲರೂ ಊರಿನಲ್ಲಿ. ಕಳೆದ ಮಳೆಗಾಲದಲ್ಲಿ ಹೆಂಡತಿಗೆ ಗರ್ಭಕೋಶದ ಗಡ್ಡೆಯೆಂದು ಗೊತ್ತಾಯಿತು. ಆಪರೇಷನ್ ತಡಮಾಡಬಾರದೆಂದು ಡಾಕ್ಟರು ಹೇಳಿದರು. ಇವರ ಹತ್ತಿರ ವಿಮೆಯ ಕಾರ್ಡು ಇತ್ತು, ಹತ್ತಂಕಿಯ ಸಂಖ್ಯೆ ಇತ್ತು, ಒಂದು ತಿಂಗಳೂ ತಪ್ಪದೆ ಹಣ ಕಡಿದ ಚೀಟಿಗಳೂ ಇದ್ದವು. ಹೆಂಡತಿಯ ತಮ್ಮ ಆ ಕಾರ್ಡಿನ ಪ್ರತಿಯನ್ನು ಹಿಡಿದುಕೊಂಡು, ಅಕ್ಕನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ವಿಮೆಯ ದವಾಖಾನೆಯನ್ನು ಹುಡುಕಿಕೊಂಡು ಹೋದ. ಕಿಟಕಿಯಲ್ಲಿದ್ದವರು ಕಾರ್ಡು ನೋಡಿ ಹೇಳಿದ್ದಿಷ್ಟು: “ಇದರಲ್ಲಿ ಸಂಸಾರದ ವಿಳಾಸ ಮುಂಬಯಿ ಎಂದಿದೆ. ದವಾಖಾನೆಯೂ ಮುಂಬಯಿಯದೇ. ಹೆಂಡತಿಯ ಫೋಟೋ ಸೇರಿಸಿಲ್ಲ. ಅಲ್ಲಿಂದಲೇ ಸರಿಮಾಡಿಸಿಕೊಂಡು ಬನ್ನಿ.”

ಮುಂಬಯಿಯ ವಿಳಾಸವನ್ನು ಬರೆದವರು ಯಾರು? ಹೋಟೆಲಿನ ಮ್ಯಾನೇಜರು. ಕೆಲಸಕ್ಕೆ ಸೇರಿದ ದಿನ ಹದಿನಾಲ್ಕು ಹುಡುಗರ ಅರ್ಜಿಯನ್ನು ಒಂದೇ ಸಂಜೆ ತುಂಬಿಸಿ, ಎಲ್ಲರ ಸಂಸಾರವೂ ಹೋಟೆಲಿನ ಮಾಳಿಗೆಯ ಮೇಲೆಯೇ ವಾಸವಾಗಿದೆ ಎಂಬಂತೆ ಒಂದೇ ವಿಳಾಸ ಬರೆದು ಮುಗಿಸಿದರು. ಮಾಳಿಗೆಯ ಮೇಲೆ ಇರುವುದು ಹದಿನಾಲ್ಕು ಚಾಪೆ, ಒಂದು ನಲ್ಲಿ. ಅಲ್ಲಿ ಯಾವ ಹೆಂಗಸಿಗೆ ಬಾಳ್ವೆ ಮಾಡಲಿಕ್ಕಾದೀತು?

ಕೊನೆಗೆ ಆಪರೇಷನ್ ಖಾಸಗಿ ಆಸ್ಪತ್ರೆಯಲ್ಲಿ ಆಯಿತು. 68,000 ರೂಪಾಯಿ ಬಿಲ್ಲು. ಹಣ ಕೊಟ್ಟವರು ಅದೇ ಹೋಟೆಲಿನ ಸೇಟರು. ಕೇಳಿದ ಕೂಡಲೇ ಗಲ್ಲೆಯಿಂದ ತೆಗೆದು ಕೊಟ್ಟರು ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಕೊಟ್ಟದ್ದು ಮುಂಗಡ. ತಿಂಗಳಿಗೆ 4,000ದಂತೆ ಹದಿನೇಳು ತಿಂಗಳು ತೀರಿಸಬೇಕು. ಅಷ್ಟರವರೆಗೆ ಈ ಮನುಷ್ಯ ಬೇರೆ ಹೋಟೆಲಿನಲ್ಲಿ ಎರಡು ಸಾವಿರ ಹೆಚ್ಚು ಕೊಡುತ್ತೇವೆಂದರೂ ಹೋಗುವಂತಿಲ್ಲ, ಊರಿಗೆ ರಜೆ ಕೇಳುವಂತಿಲ್ಲ, ರಾತ್ರಿ ಹನ್ನೊಂದರ ಮೇಲೆ ನಿಲ್ಲಿಸಿದರೆ ಇಲ್ಲವೆನ್ನುವಂತಿಲ್ಲ. ವಿಮೆ ಇದ್ದೂ ಸಾಲ, ಸಾಲದಿಂದ ಜೀತ. ಇದಕ್ಕೆ ಬೇರೆ ಹೆಸರು ನಮಗೆ ಗೊತ್ತಿಲ್ಲ.

ಈ ವಿಮೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1944ರಲ್ಲಿ ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಅವರು ಕಾರ್ಮಿಕರ ಆರೋಗ್ಯ ವಿಮೆಯ ವರದಿ ಬರೆದರು. 1948ರಲ್ಲಿ ಅದು ಕಾಯ್ದೆಯಾಯಿತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪಂಡಿತ್ ನೆಹರೂ ಅವರು ಯೋಜನೆಯನ್ನು ಉದ್ಘಾಟಿಸಿದರು. 1954ರಲ್ಲಿ ಮುಂಬಯಿಗೆ ಬಂತು. ಮೊದಲು ಚಿಕಿತ್ಸೆ ದುಡಿಯುವವನೊಬ್ಬನಿಗೆ ಮಾತ್ರ ಇತ್ತು, ಸಂಸಾರಕ್ಕೆ ಅದು ವಿಸ್ತರಿಸಿದ್ದು ಆಮೇಲೆ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತೆಯ ಹೊಸ ಸಂಹಿತೆ ಜಾರಿಗೆ ಬಂದು ಹಳೆಯ ಕಾಯ್ದೆ ಅದರಲ್ಲಿ ಸೇರಿಹೋಯಿತು. ಇಷ್ಟು ವರ್ಷಗಳ ಉದ್ದಕ್ಕೂ ಒಂದು ಸಂಗತಿ ಬದಲಾಗಿಲ್ಲ. ಆಗ ಗಿರಣಿಯ ಕಾಮಗಾರ ಖೋಲಿಯಲ್ಲಿ ಹತ್ತು ಮಂದಿಯೊಡನೆ ಪಾಳಿಯಂತೆ ಮಲಗುತ್ತಿದ್ದ, ಅವನ ಹೆಂಡಿರು ಮಕ್ಕಳು ಊರಿನಲ್ಲಿರುತ್ತಿದ್ದರು. ಈಗ ಹೋಟೆಲಿನ ಹುಡುಗನೂ ಹಾಗೆಯೇ ಇದ್ದಾನೆ. ಮುಂಬಯಿಗೆ ನಮ್ಮ ತೋಳು ಬೇಕು. ನಮ್ಮ ಸಂಸಾರಕ್ಕೆ ಇಲ್ಲಿ ಜಾಗವಿಲ್ಲ. ಇದನ್ನು ಅರಿಯದವರು ಸರಕಾರದಲ್ಲಿ ಯಾರೂ ಇಲ್ಲ. ಹಾಗಿದ್ದೂ ಕಾರ್ಮಿಕ ಎಲ್ಲಿರುವನೋ ಅವನ ಸಂಸಾರವೂ ಅಲ್ಲೇ ಇರುತ್ತದೆ ಎಂಬ ಲೆಕ್ಕದಲ್ಲಿಯೇ ದವಾಖಾನೆಗಳ ವ್ಯವಸ್ಥೆ ನಡೆದು ಬಂದಿದೆ.

“ನಿಯಮದಲ್ಲಿ ಅವಕಾಶವಿದೆ, ಬೇರೆ ಊರಿನಲ್ಲಿರುವ ಸಂಸಾರಕ್ಕೆ ಅಲ್ಲಿಯ ದವಾಖಾನೆಯನ್ನೇ ಗೊತ್ತುಮಾಡಿಸಬಹುದು” ಎಂದು ಅಧಿಕಾರಿಗಳು ಹೇಳುತ್ತಾರೆ. ನಿಜ, ಅವಕಾಶವಿದೆ. ಆದರೆ ಗೊತ್ತುಮಾಡಿಸಿಕೊಂಡ ಮೇಲೆ ಹೋಗತಕ್ಕದ್ದೆಲ್ಲಿಗೆ? ವಿಮೆಯ ದವಾಖಾನೆಗಳು ಕಾರ್ಖಾನೆಗಳು ಇರುವಲ್ಲಿ ತಲೆಯೆತ್ತಿದವೇ ಹೊರತು ಕಾರ್ಮಿಕರ ಮನೆಗಳು ಇರುವಲ್ಲಿ ಅಲ್ಲ. ಮಂಗಳೂರಿನಲ್ಲಿ ಇ.ಎಸ್.ಐ. ಆಸ್ಪತ್ರೆಯಿದೆ, ಬೈಂದೂರಿನಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಮೇಲೆ. ಜ್ವರ ಬಂದ ಮಗುವನ್ನು ಹೊತ್ತು, ಮನೆಯ ದನಕರುವನ್ನು ನೆರೆಯವರಿಗೆ ಒಪ್ಪಿಸಿ, ಒಬ್ಬ ಹೆಂಗಸು ಅಷ್ಟು ದೂರ ಹೋಗಿ ಸರತಿಯಲ್ಲಿ ನಿಲ್ಲಬೇಕೇ? ಅವಳು ಪೇಟೆಯ ಡಾಕ್ಟರಿಗೇ ಹಣ ಕೊಟ್ಟು ಬರುತ್ತಾಳೆ. ಆ ಹಣ ಇಲ್ಲಿಂದ ನಾವು ಕಳಿಸಿದ್ದು. ಒಂದೇ ರೋಗಕ್ಕೆ ಎರಡು ಸಲ ಬೆಲೆ.

ಹಣವಿಲ್ಲವೆಂದು ಯಾರೂ ಹೇಳಕೂಡದು. ಖರ್ಚಾಗದೆ ಉಳಿದು ನಿಗಮದ ಹೆಸರಿನಲ್ಲಿ ಕೂಡಿಬಿದ್ದದ್ದು ಹಲವು ಸಾವಿರ ಕೋಟಿ. ಅದರಲ್ಲಿ ತಾಲೂಕಿಗೊಂದು ದವಾಖಾನೆ ತೆರೆಯುವ ಬದಲು, ತಾಲೂಕಿನ ಡಾಕ್ಟರರೊಡನೆ ಕರಾರು ಮಾಡಿಕೊಳ್ಳುವ ಬದಲು ಮಾಡಿದ್ದೇನು? 2019ರ ಜುಲೈ 1ರಿಂದ ವಂತಿಗೆಯನ್ನೇ ಇಳಿಸಿದರು. ಮಾಲೀಕರ ಪಾಲು ನೂರಕ್ಕೆ 4.75 ಇದ್ದದ್ದು 3.25 ಆಯಿತು, ನಮ್ಮ ಪಾಲು 1.75 ಇದ್ದದ್ದು 0.75 ಆಯಿತು. ಕಾರ್ಮಿಕರಿಗೆ ಉಪಕಾರವಾಯಿತೆಂದು ಡಂಗುರ ಸಾರಿದರು. ಲೆಕ್ಕ ಹಾಕಿ ನೋಡೋಣ. 16,000 ಪಗಾರದ ಮೇಲೆ ನಮಗೆ ಉಳಿದದ್ದು 160 ರೂಪಾಯಿ, ಮಾಲೀಕರಿಗೆ ಉಳಿದದ್ದು 240. ಅಂತೂ ಒಬ್ಬನ ಹೆಸರಿನಲ್ಲಿ ತಿಂಗಳಿಗೆ 400 ರೂಪಾಯಿ ಚಿಕಿತ್ಸೆಯ ನಿಧಿಗೆ ಬಾರದೆ ಹೋಯಿತು. ನಾವು ಕೇಳಿದ್ದು 160 ರೂಪಾಯಿಯನ್ನಲ್ಲ. ನಾವು ಕೇಳಿದ್ದು ಡಾಕ್ಟರನ್ನು.

ಇನ್ನು ನಮ್ಮ ಕನ್ನಡಿಗ ಮಾಲೀಕರ ವಿಷಯ. ಇದನ್ನು ಬರೆಯಲು ನಮಗೆ ಸಂಕೋಚವಿದೆ, ಏಕೆಂದರೆ ಅವರಲ್ಲಿ ಅನೇಕರು ಇದೇ ಮೋರಿಯಲ್ಲಿ ಕಪ್ಪು ಬಸಿ ತೊಳೆದು ಮೇಲೆ ಬಂದವರು, ನಮ್ಮ ಸಂಘದ ಉತ್ಸವಕ್ಕೆ ವರ್ಗಣಿ ಕೊಡುವವರು. ಆದರೂ ಬರೆಯಲೇಬೇಕು. “ಅವ ನಮ್ಮನೆ ಹುಡ್ಗ, ಅವನಿಗೆ ಜ್ವರ ಬಂದ್ರೆ ನಾ ಕಾಂಬುದಿಲ್ಯಾ?” ಎಂಬ ಮಾತನ್ನು ನಾವು ಒಬ್ಬರಿಂದಲ್ಲ, ಹತ್ತು ಮಂದಿಯಿಂದ ಕೇಳಿದ್ದೇವೆ. ಜ್ವರ ಬಂದರೆ ನೋಡುತ್ತಾರೆ, ಸುಳ್ಳಲ್ಲ. ಕ್ಷಯ ಬಂದರೆ? ಕುದಿಯುವ ಎಣ್ಣೆ ಕೈಮೇಲೆ ಚೆಲ್ಲಿ ಆರು ತಿಂಗಳು ಕೆಲಸಕ್ಕಾಗದೆ ಹೋದರೆ? ಊರಿನ ಬಸ್ಸಿನ ಟಿಕೀಟು, ಕೈಗೆ ಎರಡು ಸಾವಿರ, “ಗುಣವಾದ ಮೇಲೆ ಬಾ.” ಕಾನೂನಿನಂತೆ ಹತ್ತು ಮಂದಿ ದುಡಿಯುವ ಹೋಟೆಲಿಗೆ ಈ ವಿಮೆ ಅನ್ವಯಿಸುತ್ತದೆ. ಅದಕ್ಕೇ ಹದಿನೆಂಟು ಮಂದಿ ದುಡಿಯುವಲ್ಲಿ ಮಸ್ಟರಿನಲ್ಲಿ ಒಂಬತ್ತೇ ಹೆಸರು. ಉಳಿದ ಒಂಬತ್ತು ಮಂದಿ ಇನ್‌ಸ್ಪೆಕ್ಟರರು ಬಂದ ದಿನ “ನೆಂಟರು.” ಎಂಥ ನೆಂಟಸ್ತಿಕೆ! ಬೆಳಗಿನ ಐದಕ್ಕೆ ಎದ್ದು ಇಡ್ಲಿ ಹಿಟ್ಟು ಹೊಯ್ಯುವ ನೆಂಟರು!

ಬೇರೆ ಕೆಲವರು ಹೆಸರು ಬರೆದರೂ ನಾಲ್ಕು ತಿಂಗಳಿಗೊಮ್ಮೆ ತೆಗೆದು ಹಾಕುತ್ತಾರೆ. ರೋಗದ ರಜೆಯಲ್ಲಿ ಪಗಾರದ ನೂರಕ್ಕೆ 70ರಷ್ಟು, ವರ್ಷಕ್ಕೆ 91 ದಿನದವರೆಗೆ ವಿಮೆಯಿಂದ ಸಿಗತಕ್ಕದ್ದಿದೆ. ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಜಮೆಯಾಗಿರಬೇಕು. ಹೆಸರು ಕಳಚಿಬಿದ್ದರೆ 78 ತುಂಬುವುದಾದರೂ ಹೇಗೆ? ನಮ್ಮ ಪಗಾರದಿಂದ ಕಡಿದು ನಿಗಮಕ್ಕೆ ಕಟ್ಟದೆ ನುಂಗುವವರೂ ಇದ್ದಾರೆ. ಅದು ಕಾನೂನಿನ ಭಾಷೆಯಲ್ಲಿ ವಿಶ್ವಾಸದ್ರೋಹದ ಅಪರಾಧ. ನಮ್ಮ ಭಾಷೆಯಲ್ಲಿ ಕಳವು.

ಹಾಗೆಂದು ನಮ್ಮವರೆಲ್ಲ ನಿರಪರಾಧಿಗಳೆಂದು ನಾವು ಹೇಳುವವರಲ್ಲ. “ಕಡಿಯಬೇಡಿ ಸೇಟರೇ, ಕೈಗೇ ಕೊಡಿ” ಎಂದು ಗಲ್ಲೆಯ ಮುಂದೆ ನಿಂತವರು ನಮ್ಮಲ್ಲೇ ಇದ್ದಾರೆ. ರೋಗವಿಲ್ಲದೆ ರೋಗದ ಸರ್ಟಿಫಿಕೇಟು ಬರೆಸಿಕೊಂಡು ಜಾತ್ರೆಗೆ ಹೋದವರೂ ಇದ್ದಾರೆ; ಅವರಿಂದಾಗಿ ನಿಜವಾದ ರೋಗಿಯನ್ನೂ ಡಾಕ್ಟರು ಕಳ್ಳನಂತೆ ನೋಡುತ್ತಾರೆ. ಹೋಟೆಲು ಬದಲಿಸಿದಾಗಲೆಲ್ಲ ಹೊಸ ಸಂಖ್ಯೆ ಮಾಡಿಸಿಕೊಂಡವರಂತೂ ಲೆಕ್ಕವಿಲ್ಲ. ಸಂಖ್ಯೆ ಒಂದೇ, ಜೀವಮಾನಕ್ಕೆ ಒಂದೇ. ಅದನ್ನು ಬಿಟ್ಟು ಹೊಸದು ಮಾಡಿಸಿದರೆ ಹಳೆಯ ಜಮೆಯೆಲ್ಲ ಅನಾಥವಾಗುತ್ತದೆ.

ಮುಂಬಯಿಯಲ್ಲೇ ಸಂಸಾರ ಹೂಡಿದವರ ಪಾಡೂ ಸುಖದ್ದಲ್ಲ. 2018ರ ಡಿಸೆಂಬರ್ 17ರಂದು ಅಂಧೇರಿಯ ಕಾಮಗಾರ್ ಆಸ್ಪತ್ರೆಗೆ ಬೆಂಕಿ ಬಿದ್ದು ಜೀವಗಳು ಹೋದವು. ಅಲ್ಲಿಗೆ ಹೋಗುತ್ತಿದ್ದ ಸಂಸಾರಗಳು ಬೇರೆ ಆಸ್ಪತ್ರೆಗಳ ಬಾಗಿಲಿಗೆ ಅಲೆಯಬೇಕಾಯಿತು. ಅಂಗಡಿಯಿಂದ ಔಷಧ ತಂದುಕೊಳ್ಳಿ, ಬಿಲ್ಲು ಕೊಡಿ, ಆಮೇಲೆ ಹಣ ಬರುತ್ತದೆ ಎಂಬ ಮಾತನ್ನು ನಂಬಿ ಬಿಲ್ಲಿನ ಕಟ್ಟು ಹಿಡಿದು ತಿಂಗಳುಗಟ್ಟಲೆ ತಿರುಗಿದವರನ್ನು ನಾವು ಬಲ್ಲೆವು. ಹೋಗಿ ಬಂದ ರೈಲಿನ ಖರ್ಚು, ಕಳೆದ ಪಾಳಿಯ ಪಗಾರ, ಇವು ಯಾವ ಬಿಲ್ಲಿನಲ್ಲಿಯೂ ಬರುವುದಿಲ್ಲ.

ಗಿರಣಿಯ ಹಿರಿಯರ ಕಥೆ ಇನ್ನೂ ಕಹಿ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಮುಷ್ಕರದ ಮೇಲೆ ಗಿರಣಿಯ ಬಾಗಿಲು ಎಷ್ಟೋ ಸಾವಿರ ಮಂದಿಗೆ ಮತ್ತೆ ತೆರೆಯಲೇ ಇಲ್ಲ. ಕೆಲಸದೊಡನೆ ವಿಮೆಯೂ ಹೋಯಿತು. ಐದು ವರ್ಷ ವಿಮೆಯಲ್ಲಿದ್ದು ನಿವೃತ್ತನಾದವನಿಗೆ, ಸ್ವಯಂನಿವೃತ್ತಿ ಪಡೆದವನಿಗೆ, ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡಹೆಂಡಿರಿಬ್ಬರಿಗೂ ಚಿಕಿತ್ಸೆ ಕೊಡತಕ್ಕ ನಿಯಮ ಬಂತು. ಒಳ್ಳೆಯ ನಿಯಮ. ಆದರೆ ಮುಷ್ಕರದ ಮೇಲೆ ಕರೆಸಿಕೊಳ್ಳದವನು ಕಾಗದದಲ್ಲಿ ನಿವೃತ್ತನೂ ಅಲ್ಲ, ವಜಾ ಆದವನೂ ಅಲ್ಲ. ಹತ್ತಿಯ ಧೂಳು ಕುಡಿದ ಎದೆ ಮಾತ್ರ ಅವನದೇ. ಆ ಎದೆಯ ಕೆಮ್ಮಿಗೆ ಯಾವ ಕಿಟಕಿಯಲ್ಲಿ ಚೀಟಿ ಸಿಗುತ್ತದೆ?

ಊರಿನಲ್ಲಿ ಆಯುಷ್ಮಾನ್ ಕಾರ್ಡು ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ, ಬಡವರ ರೇಷನ್ ಕಾರ್ಡು ಉಳಿಸಿಕೊಂಡವರಿಗೆ ವರ್ಷಕ್ಕೆ ಐದು ಲಕ್ಷದವರೆಗೆ. ಆಸ್ಪತ್ರೆಯಲ್ಲಿ ಮಲಗಬೇಕಾದ ದೊಡ್ಡ ರೋಗಕ್ಕೆ ಅದರಿಂದ ಎಷ್ಟೋ ಮನೆಗಳು ಉಳಿದಿವೆ. ಆದರೆ ತಾಯಿಯ ಸಕ್ಕರೆ ಕಾಯಿಲೆಯ ದಿನದಿನದ ಮಾತ್ರೆಗೆ, ಮಗುವಿನ ಕೆಮ್ಮಿಗೆ ಅದು ನಡೆಯುವುದಿಲ್ಲ. ಇನ್ನು ಮೆಡಿಕ್ಲೇಮಿನ ಏಜಂಟರು. 2025ರ ಸೆಪ್ಟೆಂಬರಿನಲ್ಲಿ ಅದರ ಮೇಲಿನ ತೆರಿಗೆ ಹೋಯಿತೆಂದು ಅವರು ಹುಮ್ಮಸ್ಸಿನಿಂದ ಬರುತ್ತಾರೆ. ಮುಂಚೆಯೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದೆಂಬುದನ್ನು, ಕೋಣೆಯ ಬಾಡಿಗೆಗೆ ಮಿತಿಯಿದ್ದರೆ ಇಡೀ ಬಿಲ್ಲಿನಲ್ಲಿಯೇ ಕತ್ತರಿ ಬೀಳಬಹುದೆಂಬುದನ್ನು ಸಹಿ ಹಾಕಿಸಿಕೊಂಡ ಮೇಲೆ ಹೇಳುತ್ತಾರೆ. ಈಗಾಗಲೇ ಒಂದು ವಿಮೆಗೆ ಹಣ ತೆತ್ತವನು ಎರಡನೆಯದನ್ನು ಕೊಳ್ಳಬೇಕೇಕೆ?

ನಮ್ಮ ಬೇಡಿಕೆ ದೊಡ್ಡದಲ್ಲ. ವಿಮೆಯ ಕಾರ್ಡು ಇರುವ ಕಾರ್ಮಿಕನ ಸಂಸಾರವನ್ನು ಅದು ಇರುವ ತಾಲೂಕಿನಲ್ಲಿಯೇ, ಸರಕಾರಿ ಆಸ್ಪತ್ರೆಯಾಗಲಿ ಒಪ್ಪಂದದ ಡಾಕ್ಟರಾಗಲಿ, ನೋಡತಕ್ಕದ್ದು. ಖರ್ಚನ್ನು ನಿಗಮ ನೇರವಾಗಿ ಅವರಿಗೆ ಕೊಡತಕ್ಕದ್ದು. ಮುಂಬಯಿಯಲ್ಲಿ ಖಾಸಗಿ ಡಾಕ್ಟರರನ್ನೇ ಪಟ್ಟಿಗೆ ಸೇರಿಸಿಕೊಂಡು ದಶಕಗಳ ಕಾಲ ಈ ವಿಮೆಯನ್ನು ನಡೆಸಿದವರಿಗೆ ಅದೇ ಕೆಲಸ ಕುಂದಾಪುರದಲ್ಲಿ, ಜಮಖಂಡಿಯಲ್ಲಿ ಮಾಡಲು ಬರುವುದಿಲ್ಲವೇ? ಪಗಾರದ ಮಿತಿಯನ್ನೂ ಏರಿಸಬೇಕು. 2017ರ ಜನವರಿಯಲ್ಲಿ ಅದನ್ನು 21,000ಕ್ಕೆ ಕಟ್ಟಿದರು. ಎಂಟು ವರ್ಷ ಕಳೆದರೂ ಅದು ಅಲ್ಲಿಯೇ ನಿಂತಿತ್ತು. ಐನೂರು ರೂಪಾಯಿ ಬಡ್ತಿ ಸಿಕ್ಕಿದ ಭಟ್ಟರು ವಿಮೆಯಿಂದ ಹೊರಬಿದ್ದು ಬಡ್ತಿಯನ್ನೇ ಶಪಿಸುವಂತಾಯಿತು.

ಈ ಬೇಡಿಕೆಯ ಮನವಿಗೆ ಸಹಿ ಕೂಡಿಸುತ್ತಿದ್ದೇವೆ. ಹೋಟೆಲಿನವರಿಗೆ ಬಿಡುವು ಸಿಗುವ ಹೊತ್ತು ನಮಗೆ ಗೊತ್ತಿದೆ. ಆದುದರಿಂದ ಸಂಘದ ಕಚೇರಿ ದಿನವೂ ಮಧ್ಯಾಹ್ನ ಮೂರರಿಂದ ಐದರವರೆಗೆ ತೆರೆದಿರುತ್ತದೆ, ಗಿರಣಿಯ ಹಿರಿಯರಿಗೆ ಭಾನುವಾರ ಬೆಳಿಗ್ಗೆಯೂ. ಬರುವಾಗ ವಿಮೆಯ ಕಾರ್ಡು ಅಥವಾ ಸಂಖ್ಯೆ, ಮೂರು ತಿಂಗಳ ಪಗಾರದ ಚೀಟಿ, ಊರಿನಲ್ಲಿರುವ ಹೆಂಡತಿ, ಮಕ್ಕಳು, ತಂದೆತಾಯಿಗಳ ಆಧಾರಿನ ಪ್ರತಿ, ಅವರೆಲ್ಲರ ಒಂದೊಂದು ಫೋಟೋ ತನ್ನಿ. ಕಾರ್ಡಿನಲ್ಲಿ ಸಂಸಾರದ ವಿಳಾಸ ಯಾವುದಿದೆ ಎಂದು ಮೊದಲು ಅದನ್ನೇ ನೋಡೋಣ. ಮಾಳಿಗೆಯ ವಿಳಾಸವಿದ್ದರೆ ತಿದ್ದುಪಡಿಯ ಅರ್ಜಿಯನ್ನು ಅಲ್ಲಿಯೇ ಬರೆದುಕೊಡುತ್ತೇವೆ. ಚೀಟಿಯೇ ಕೊಡದ ಹೋಟೆಲಿನವರು ಬರಿಗೈಯಲ್ಲಿ ಬಂದರೂ ಸರಿ, ಹೋಟೆಲಿನ ಹೆಸರು ಮಾತ್ರ ಮರೆಯದೆ ಹೇಳಿ.