ನೆಡುತೋಪಿನ ವಯಸ್ಸು ಮತ್ತು ಇಳುವರಿ: ಕಟಾವಿನ ಕಾಲ ಯಾವುದು?

ಕೃಷಿ ಜಮೀನಿನ ಮರಗಳ ಕಟಾವನ್ನು ಸರಳಗೊಳಿಸುವ ಮಾದರಿ ನಿಯಮಗಳನ್ನು ಕೇಂದ್ರ ಪರಿಸರ ಸಚಿವಾಲಯವು 2025ರ ಜೂನ್‌ನಲ್ಲಿ ರಾಜ್ಯಗಳಿಗೆ ಕಳುಹಿಸಿದೆ. ತೋಪನ್ನು ನೋಂದಾಯಿಸಿ ಆನ್‌ಲೈನ್ ಮೂಲಕ ಅನುಮತಿ ಪಡೆಯುವ ವ್ಯವಸ್ಥೆ ಇದರ ತಿರುಳು. ಅನುಮತಿ ಸುಲಭವಾದಷ್ಟೂ, ಯಾವ ವಯಸ್ಸಿನಲ್ಲಿ ಕಡಿಯಬೇಕೆಂಬ ನಿರ್ಧಾರದ ಹೊಣೆ ರೈತರ ಮೇಲೆಯೇ ಬೀಳುತ್ತದೆ.

ಭಾರತದಲ್ಲಿ ಗಾಳಿ ಮರವನ್ನು ಮೊದಲಿಗೆ ನೆಟ್ಟ ತಾಣಗಳಲ್ಲಿ ಕಾರವಾರವೂ ಒಂದು. 1868ರ ಸುಮಾರಿಗೆ ಉರುವಲಿಗಾಗಿ ಅದನ್ನು ಇಲ್ಲಿ ಬೆಳೆಸಲಾಯಿತು. ಇಂದು ಸದಾಶಿವಗಡದಿಂದ ಅಂಕೋಲೆಯವರೆಗೆ ಮರಳು ದಂಡೆಯಲ್ಲಿ ಗಾಳಿ ಮರವೂ ಜಂಬಿಟ್ಟಿಗೆ ಗುಡ್ಡಗಳಲ್ಲಿ ಅಕೇಶಿಯಾವೂ ಕಾಣಸಿಗುತ್ತವೆ.

ವಯಸ್ಸಾದಂತೆ ತೋಪಿನ ಒಟ್ಟು ಜೀವರಾಶಿ ಹೆಚ್ಚುತ್ತಲೇ ಇರುತ್ತದೆ. ಆದರೆ ಅದು ಹೆಚ್ಚುವ ವೇಗ ಒಂದೇ ಸಮನಾಗಿರುವುದಿಲ್ಲ. ಎಳೆಯ ಗಿಡಗಳ ಬೆಳವಣಿಗೆ ಮಂದ. ರೆಂಬೆಗಳು ಒಂದಕ್ಕೊಂದು ಕೂಡುವ ಹೊತ್ತಿಗೆ ಅದು ತೀವ್ರವಾಗುತ್ತದೆ. ಅನಂತರ ಬೆಳಕು, ನೀರು, ಪೋಷಕಾಂಶಗಳಿಗೆ ಪೈಪೋಟಿ ಹೆಚ್ಚಿ ವಾರ್ಷಿಕ ಬೆಳವಣಿಗೆ ಕುಗ್ಗುತ್ತದೆ.

ಲೆಕ್ಕಕ್ಕಾಗಿ ಒಂದು ಉದಾಹರಣೆ: ಐದು ವರ್ಷದ ತೋಪಿನಲ್ಲಿ ಎಕರೆಗೆ 30 ಟನ್ ಇದೆ ಎಂದುಕೊಳ್ಳೋಣ. ವಾರ್ಷಿಕ ಸರಾಸರಿ 6 ಟನ್. ಆರನೆಯ ವರ್ಷ 8 ಟನ್ ಸೇರಿದರೆ ಸರಾಸರಿ 6.3ಕ್ಕೆ ಏರುತ್ತದೆ. ಹಣದ ಅಡಚಣೆಯಿಂದ ಐದನೆಯ ವರ್ಷವೇ ಮಾರಿದವರು ಈ ಉತ್ತಮ ವರ್ಷವನ್ನು ಕಳೆದುಕೊಳ್ಳುತ್ತಾರೆ. ಏಳನೆಯ ವರ್ಷ 4 ಟನ್ ಮಾತ್ರ ಸೇರಿದರೆ ಸರಾಸರಿ ಮತ್ತೆ 6ಕ್ಕೆ ಇಳಿಯುತ್ತದೆ. ಆ ವರ್ಷದ ಬೆಳವಣಿಗೆ ಸರಾಸರಿಗಿಂತ ಕೆಳಗಿಳಿಯುವ ಸಮಯವೇ ಉರುವಲು ಹಾಗೂ ಕಂಬದ ತೋಪಿಗೆ ಕಟಾವಿನ ಕಾಲ. ದಪ್ಪ ದಿಮ್ಮಿಗೆ ಹೆಚ್ಚು ಬೆಲೆ ದೊರೆಯುವಲ್ಲಿ ಮಾತ್ರ ಇನ್ನಷ್ಟು ಕಾಯುವುದು ಲಾಭಕರ.

ಇದನ್ನು ತಿಳಿಯಲು 20–25 ಮರಗಳನ್ನು ಗುರುತಿಸಿ, ಪ್ರತಿವರ್ಷ ಅದೇ ತಿಂಗಳಲ್ಲಿ, ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆಯನ್ನು ದಾಖಲಿಸಬೇಕು. ಸುತ್ತಳತೆ 40ರಿಂದ 44 ಸೆಂ.ಮೀ.ಗೆ ಏರಿದರೆ, ಎತ್ತರ ಹೆಚ್ಚದಿದ್ದರೂ ಕಾಂಡದ ಗಾತ್ರ ಸುಮಾರು ಶೇ. 21ರಷ್ಟು ಹೆಚ್ಚುತ್ತದೆ. ಬರಿಗಣ್ಣಿಗೆ ಈ ವ್ಯತ್ಯಾಸ ತೋರದು. ಒಣಗಿದ ಮರಗಳನ್ನೂ ಎಣಿಸಿ ಒಟ್ಟು ಲೆಕ್ಕದಿಂದ ಕಳೆಯಬೇಕು.

ಕಟಾವಿನ ಬಳಿಕ ಎಲೆ, ಎಳೆ ರೆಂಬೆಗಳನ್ನು ತೋಪಿನಲ್ಲಿಯೇ ಬಿಡುವುದು ಸೂಕ್ತ. ಅವುಗಳ ತೂಕ ಕಡಿಮೆಯಾದರೂ ಪೋಷಕಾಂಶದ ಪ್ರಮಾಣ ಹೆಚ್ಚು. ಭಾರಿ ಮಳೆಗೆ ಸಾರ ತೊಳೆದುಹೋಗುವ ಕರಾವಳಿ ಮಣ್ಣಿನಲ್ಲಿ ಮುಂದಿನ ಬೆಳೆಯ ಇಳುವರಿ ಇದನ್ನೇ ಅವಲಂಬಿಸಿದೆ.

ಕಡಲಂಚಿನ ಗಾಳಿತಡೆ ಸಾಲುಗಳಿಗೆ ಮೇಲಿನ ಲೆಕ್ಕ ಅನ್ವಯಿಸದು. ಅಲ್ಲಿ ತೋಟ, ಗದ್ದೆಗಳ ರಕ್ಷಣೆಯೇ ಫಸಲು. ಸಾಲನ್ನು ಒಮ್ಮೆಲೇ ಕಡಿಯದೆ, ಹಿಂದೆ ಹೊಸ ಸಸಿ ಬೆಳೆದ ಮೇಲೆ ಹಂತಹಂತವಾಗಿ ಬದಲಿಸಬೇಕು.

ಮಾದರಿ ನಿಯಮಗಳ ಅನುಷ್ಠಾನ ರಾಜ್ಯಕ್ಕೆ ಸೇರಿದ್ದು. ಆದ್ದರಿಂದ ಕಟಾವಿಗೆ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು ಅಗತ್ಯ.